ಟೋಪಿಯ ಮೇಲಿನ ಹದ್ದಿನ ಗರಿ: ಡೈಸಾರ್ಟ್ ಪದವಿ ಸಮಾರಂಭದ ಪ್ರಕರಣ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ಮಹಾನಗರದ ವಾಯವ್ಯ ಅಂಚಿನಲ್ಲಿ ಸರ್‌ಪ್ರೈಸ್ ಎಂಬ ಊರಿದೆ. ಅಲ್ಲಿನ ವ್ಯಾಲಿ ವಿಸ್ಟಾ ಹೈಸ್ಕೂಲು ಡೈಸಾರ್ಟ್ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ, ಸೇರಿದ್ದು. 2019ರ ಮೇ ತಿಂಗಳಲ್ಲಿ ಹನ್ನೆರಡನೇ ತರಗತಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ತನ್ನ ಪದವಿ ಸಮಾರಂಭಕ್ಕೆ ಬಂದಾಗ ಅವಳ ಟೋಪಿಯ ಮೇಲೆ ಮಣಿ ಕಸೂತಿ ಇತ್ತು, ಹದ್ದಿನ ಗರಿಯೊಂದು ಕಟ್ಟಿತ್ತು. ಅವಳು ಸಿಸಿಟನ್ ವಾಹ್‌ಪೆಟನ್ ಒಯಾಟೆ ಎಂಬ ಮೂಲನಿವಾಸಿ ಬುಡಕಟ್ಟಿನ ನೋಂದಾಯಿತ ಸದಸ್ಯೆ. ಟೋಪಿಯನ್ನು ಯಾರೂ ಅಲಂಕರಿಸುವಂತಿಲ್ಲ ಎಂಬುದು ಡಿಸ್ಟ್ರಿಕ್ಟಿನ ನಿಯಮ. ಇದು ಧಾರ್ಮಿಕ ವಸ್ತು, ವಿನಾಯಿತಿ ಕೊಡಿ ಎಂದು ಕುಟುಂಬ ಮುಂಚೆಯೇ ಕೇಳಿಕೊಂಡಿತ್ತು, ಡಿಸ್ಟ್ರಿಕ್ಟ್ ಒಪ್ಪಿರಲಿಲ್ಲ. ಆ ದಿನ ಅವಳನ್ನು ಒಳಗೆ ಬಿಡಲಿಲ್ಲ.

ಕುಟುಂಬ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ಅಲ್ಲಿನ ಕೆಳಹಂತದ ಜಿಲ್ಲಾ ನ್ಯಾಯಾಲಯ ದಾವೆಯನ್ನು ವಿಚಾರಣೆಗೆ ಮುಂಚೆಯೇ ವಜಾ ಮಾಡಿತು. 2022ರ ಡಿಸೆಂಬರ್ 9ರಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಎರಡು-ಒಂದರ ಬಹುಮತದಿಂದ ಆ ಆದೇಶದ ಮುಖ್ಯ ಭಾಗವನ್ನು ತಳ್ಳಿಹಾಕಿ, ಧಾರ್ಮಿಕ ಸ್ವಾತಂತ್ರ್ಯದ ದಾವೆಯೂ ವಾಕ್ ಸ್ವಾತಂತ್ರ್ಯದ ದಾವೆಯೂ ಮುಂದುವರಿಯಲಿ ಎಂದಿತು. ತೀರ್ಪನ್ನು ತಿರುಗಿಸಿದ್ದು ಗರಿಯ ಪಾವಿತ್ರ್ಯ ಒಂದೇ ಅಲ್ಲ. ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಶಾಲೆಯಲ್ಲಿ, ಬೇರೊಬ್ಬ ಮಗುವಿನ ಟೋಪಿಯ ಮೇಲೆ ಸ್ತನ ಕ್ಯಾನ್ಸರ್ ಜಾಗೃತಿಯ ಒಂದು ಸ್ಟಿಕರ್ ಇತ್ತು, ಆ ಮಗು ಒಳಗೆ ಹೋಗಿತ್ತು ಎಂಬ ಆರೋಪ.

ಪದವಿ ಸಮಾರಂಭದ ನಿಯಮ ಬರೆಯುವವರು ಒಂದೊಂದು ಪದವನ್ನೂ ಅಳೆದು ತೂಗಿ ಬರೆಯುತ್ತಾರೆ. ಆದರೆ ಆ ನಿಯಮ ನಿಲ್ಲುತ್ತದೋ ಬೀಳುತ್ತದೋ ಎಂಬುದು ಗೇಟಿನಲ್ಲಿ ನಿಂತವರ ಕೈಯಲ್ಲಿರುತ್ತದೆ. ಡೈಸಾರ್ಟ್ ಪ್ರಕರಣವನ್ನು ಬಿಡಿಸಿ ನೋಡುವುದು ಅದಕ್ಕೇ ಉಪಯುಕ್ತ.

ಸಮಾರಂಭ ಬೇರೆ, ಡಿಪ್ಲೊಮಾ ಬೇರೆ

ಕರ್ನಾಟಕದಲ್ಲಿ ಓದಿದವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದರೂ ಪಿಯುಸಿ ಆದರೂ ಅಂಕಪಟ್ಟಿ ಕೈಗೆ ಬಂದರೆ ಮುಗಿಯಿತು. ಗೌನು ತೊಡುವುದೇನಿದ್ದರೂ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ. ಅಮೆರಿಕದಲ್ಲಿ ಹೈಸ್ಕೂಲು ಮುಗಿಸುವುದೇ ಊರ ಹಬ್ಬ. ಅಜ್ಜ ಅಜ್ಜಿ ವಿಮಾನ ಹತ್ತಿ ಬರುತ್ತಾರೆ, ಕ್ರೀಡಾಂಗಣ ತುಂಬುತ್ತದೆ, ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ.

ಕಾನೂನಿನ ಕಣ್ಣಿಗೆ ಇವು ಎರಡು ಬೇರೆ ವಸ್ತು. ಬೇಕಾದಷ್ಟು ಕ್ರೆಡಿಟ್ ಮುಗಿಸಿ ರಾಜ್ಯದ ಷರತ್ತುಗಳನ್ನು ಪೂರೈಸಿದವರಿಗೆ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ, ಸಲ್ಲಬೇಕು. ವೇದಿಕೆ ಹತ್ತುವುದು ಮಾತ್ರ ಶಾಲೆ ಕೊಡುವ ಅವಕಾಶ, ಹಕ್ಕಲ್ಲ ಎಂದೇ ಬಹುತೇಕ ಡಿಸ್ಟ್ರಿಕ್ಟುಗಳ ಕೈಪಿಡಿಗಳಲ್ಲಿ ಬರೆದಿರುತ್ತದೆ. ಉಡುಪಿನ ನಿಯಮ ಮುರಿದರೆ ಅಥವಾ ಶಿಸ್ತಿನ ಕ್ರಮದಲ್ಲಿದ್ದರೆ ಸಮಾರಂಭದಿಂದ ಹೊರಗಿಡಬಹುದು ಎಂಬ ಸಾಲೂ ಅಲ್ಲೇ ಇರುತ್ತದೆ.

ಈ ಸಾಲನ್ನು ನಂಬಿಕೊಂಡು ಅಧಿಕಾರಿಗಳು ಅನೇಕ ಸಲ ಎಡವುತ್ತಾರೆ. ಅವಕಾಶವೇ ಆಗಿರಲಿ, ಕೊಡುವುದು ಸರ್ಕಾರಿ ಶಾಲೆ. ಅದನ್ನು ಹಂಚುವಾಗ ಒಬ್ಬರ ಧರ್ಮಕ್ಕೆ ಒಂದು ಅಳತೆ, ಇನ್ನೊಬ್ಬರ ಲೌಕಿಕ ಸಂದೇಶಕ್ಕೆ ಇನ್ನೊಂದು ಅಳತೆ ಇಟ್ಟರೆ ಧರ್ಮ ಮತ್ತು ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಅಡ್ಡ ಬರುತ್ತದೆ. ಖಾಸಗಿ ಶಾಲೆಗೆ ಈ ತೊಡಕಿಲ್ಲ; ಅಲ್ಲಿ ಮೊದಲ ತಿದ್ದುಪಡಿ ಅನ್ವಯಿಸುವುದೇ ಇಲ್ಲ. ಮಗು ಖಾಸಗಿ ಶಾಲೆಯಲ್ಲಿದ್ದರೆ ಮುಂದೆ ಬರುವ ವಾದಗಳ ಬಹುಭಾಗ ಕೆಲಸಕ್ಕೆ ಬಾರದು.

ಸಮಾರಂಭ ಮುಗಿದುಹೋದ ಮೇಲೆ ಮೊಕದ್ದಮೆಗೆ ಏನು ಅರ್ಥ ಎಂಬ ಪ್ರಶ್ನೆಯೂ ಏಳುತ್ತದೆ. ತಡೆಯಾಜ್ಞೆ ಕೇಳಿ ಪ್ರಯೋಜನವಿಲ್ಲ, ವೇದಿಕೆಯನ್ನು ಮತ್ತೆ ಹಾಕಲಾಗದು. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 2021ರ ಒಂದು ತೀರ್ಪಿನಲ್ಲಿ, ಹಕ್ಕಿನ ಉಲ್ಲಂಘನೆ ಆಗಿಹೋಗಿದ್ದರೂ ಒಂದು ಡಾಲರಿನಂಥ ಸಾಂಕೇತಿಕ ಪರಿಹಾರದ ಬೇಡಿಕೆಯೊಂದೇ ದಾವೆಯನ್ನು ಜೀವಂತ ಇಡಲು ಸಾಕು ಎಂದಿದೆ. ಗೆದ್ದವರ ವಕೀಲರ ಶುಲ್ಕವನ್ನು ಸೋತ ಡಿಸ್ಟ್ರಿಕ್ಟ್ ಕಟ್ಟಬೇಕಾಗಿ ಬರಬಹುದು. ಪರಿಹಾರ ಒಂದು ಡಾಲರ್ ಆದರೂ ಬಿಲ್ಲು ಒಂದು ಡಾಲರಿನದಲ್ಲ.

ಗರಿಯನ್ನು ತೆಗೆದು ಕೈಗೆ ಕೊಡಿ ಎನ್ನುವುದು ಯಾಕೆ ಸುಲಭವಲ್ಲ

ಅಮೆರಿಕದ ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಹದ್ದಿನ ಗರಿಯನ್ನು ಯಾರೂ ತಾವಾಗಿ ಮುಡಿಯುವುದಿಲ್ಲ, ಹಿರಿಯರು ಕೊಡುತ್ತಾರೆ. ದೊಡ್ಡದೊಂದನ್ನು ಸಾಧಿಸಿದಾಗ ಪ್ರಾರ್ಥನೆ ಮಾಡಿ, ಹರಸಿ ಕೊಡುವ ಗೌರವ ಅದು. ನೆಲಕ್ಕೆ ಬೀಳಬಾರದು, ಸಂಬಂಧವಿಲ್ಲದವರು ಮುಟ್ಟಬಾರದು ಎಂಬ ನೇಮಗಳಿವೆ. ಗರಿಯ ಬುಡಕ್ಕೆ ಚರ್ಮದ ಪಟ್ಟಿ ಸುತ್ತಿ, ಮಣಿ ಪೋಣಿಸಿ, ಟೋಪಿಯ ನಡುವಿನ ಗುಂಡಿಗೋ ಅಂಚಿಗೋ ಕಟ್ಟುತ್ತಾರೆ. ಅದು ಕುಚ್ಚಿನ ಪಕ್ಕದಲ್ಲಿ ಇಳಿಬಿದ್ದಿರುತ್ತದೆ. ಮಣಿ ಕಸೂತಿಯನ್ನು ಟೋಪಿಯ ಚೌಕಕ್ಕೆ ಹೊಲಿದಿರುವುದರಿಂದ ಗೇಟಿನಲ್ಲಿ ನಿಂತು ಎರಡು ನಿಮಿಷದಲ್ಲಿ ಬಿಚ್ಚಿ ಕೊಡುವಂಥದ್ದಲ್ಲ.

ಇದರ ಮೇಲೆ ಫೆಡರಲ್ ಕಾನೂನಿನ ಕಾವಲೂ ಇದೆ. ಬಾಲ್ಡ್ ಈಗಲ್ ಮತ್ತು ಗೋಲ್ಡನ್ ಈಗಲ್ ಸಂರಕ್ಷಣಾ ಕಾಯ್ದೆಯಂತೆ ಈ ಹಕ್ಕಿಗಳ ಒಂದು ಗರಿಯನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ದಾರಿಯಲ್ಲಿ ಬಿದ್ದದ್ದು ಸಿಕ್ಕರೂ ಇಟ್ಟುಕೊಳ್ಳುವಂತಿಲ್ಲ. ಮೊದಲ ತಪ್ಪಿಗೇ ಒಂದು ಲಕ್ಷ ಡಾಲರಿನವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಆಗಬಹುದು. ಫೆಡರಲ್ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟುಗಳ ಸದಸ್ಯರಿಗೆ ಮಾತ್ರ ಧಾರ್ಮಿಕ ಬಳಕೆಗೆ ಅವಕಾಶ. ಕೊಲೊರಾಡೊದ ಡೆನ್ವರ್ ಹತ್ತಿರ, ಕಾಮರ್ಸ್ ಸಿಟಿಯಲ್ಲಿ ಸತ್ತ ಹದ್ದುಗಳನ್ನು ಸಂಗ್ರಹಿಸಿ ಹಂಚುವ ರಾಷ್ಟ್ರೀಯ ಭಂಡಾರವೇ ಇದೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರಿದ್ದಾರೆ.

ಹೀಗಿರುವಾಗ ಗೇಟಿನಲ್ಲಿ ನಿಂತ ಸ್ವಯಂಸೇವಕರು ‘ಇದನ್ನು ತೆಗೆದು ಇಲ್ಲಿ ಪೆಟ್ಟಿಗೆಯಲ್ಲಿ ಹಾಕಿ, ಆಮೇಲೆ ತಗೊಳ್ಳಿ’ ಎಂದರೆ ಕೇಳಿಸಿಕೊಂಡ ಕುಟುಂಬಕ್ಕೆ ಅದು ಫೋನು ಒಪ್ಪಿಸಿದ ಹಾಗಿರುವುದಿಲ್ಲ. ಸ್ವಯಂಸೇವಕರಿಗೆ ಇದು ಗೊತ್ತಿರುವುದೂ ಇಲ್ಲ. ಅವರಿಗೆ ಕೊಟ್ಟ ಕಾಗದದಲ್ಲಿ ‘ಟೋಪಿ ಸಾದಾ ಇರಬೇಕು’ ಎಂದಷ್ಟೇ ಇರುತ್ತದೆ.

ಒಂದೇ ಗರಿ, ಎರಡು ಫಲ

ಡೈಸಾರ್ಟಿಗೆ ಮುಂಚೆ ಇಂಥದೇ ಪ್ರಕರಣ ಒಕ್ಲಹೋಮಾ ರಾಜ್ಯದಲ್ಲಿ ನಡೆದಿತ್ತು. 2015ರಲ್ಲಿ ಕೇನಿ ವ್ಯಾಲಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಟೋಪಿಗೆ ಹದ್ದಿನ ಗರಿ ಕಟ್ಟಿಕೊಳ್ಳಲು ಕೇಳಿದಳು. ಶಾಲೆ ಒಪ್ಪಲಿಲ್ಲ, ಕೂದಲಲ್ಲಿ ಮುಡಿಯುವಂಥ ಬೇರೆ ದಾರಿಗಳನ್ನು ಸೂಚಿಸಿತು. ಅವಳು ಸಮಾರಂಭಕ್ಕೆ ಮುಂಚೆಯೇ ಫೆಡರಲ್ ನ್ಯಾಯಾಲಯಕ್ಕೆ ಹೋದಳು. ಮಧ್ಯಂತರ ಆದೇಶ ಸಿಗಲಿಲ್ಲ. ನಿಯಮ ಎಲ್ಲರಿಗೂ ಒಂದೇ, ಯಾವ ಧರ್ಮವನ್ನೂ ಗುರಿಯಿಟ್ಟದ್ದಲ್ಲ ಎಂಬುದು ಅಲ್ಲಿ ಗೆದ್ದ ವಾದ.

ಆ ವಾದದ ಬೇರು 1990ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿದೆ. ಒರೆಗಾನ್ ರಾಜ್ಯದ ಆ ಪ್ರಕರಣದಲ್ಲಿ ಮೂಲನಿವಾಸಿ ಧಾರ್ಮಿಕ ವಿಧಿಯಲ್ಲಿ ಪೆಯೋಟಿ ಎಂಬ, ಮಾದಕವೆಂದು ಕಾನೂನು ನಿಷೇಧಿಸಿದ್ದ ಕಳ್ಳಿಯನ್ನು ಸೇವಿಸಿದವರು ಕೆಲಸ ಕಳೆದುಕೊಂಡಿದ್ದರು, ನಿರುದ್ಯೋಗ ಭತ್ಯೆಯನ್ನೂ ಅವರಿಗೆ ನಿರಾಕರಿಸಲಾಗಿತ್ತು. ಕಾನೂನು ತಟಸ್ಥವಾಗಿದ್ದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವುದಾದರೆ, ಅದರಿಂದ ಒಬ್ಬರ ಧರ್ಮಾಚರಣೆಗೆ ತೊಂದರೆಯಾದರೂ ಅದು ಊರ್ಜಿತ ಎಂದು ಕೋರ್ಟ್ ಹೇಳಿತು. ಮೂಲನಿವಾಸಿಗಳ ವಿರುದ್ಧ ಬಂದ ತೀರ್ಪೇ ಮೂವತ್ತು ವರ್ಷ ಕಳೆದ ಮೇಲೂ ಅವರ ಮಕ್ಕಳ ಟೋಪಿಯ ಮೇಲೆ ಕೂತಿದೆ. ಆದರೆ ಆ ಸೂತ್ರದಲ್ಲಿ ಎರಡು ಕಾಲುಗಳಿವೆ: ತಟಸ್ಥ, ಮತ್ತು ಎಲ್ಲರಿಗೂ ಒಂದೇ. ಒಂದು ಮುರಿದರೂ ಸರ್ಕಾರ ಅತ್ಯಂತ ಬಿಗಿಯಾದ ಪರೀಕ್ಷೆಯನ್ನು ದಾಟಬೇಕು. ಅದರಲ್ಲಿ ಪಾಸಾಗುವುದು ಅಪರೂಪ.

ಡೈಸಾರ್ಟಿನಲ್ಲಿ ಮುರಿದದ್ದು ಎರಡನೆಯ ಕಾಲು. ಕಾಗದದ ಮೇಲೆ ನಿಯಮಕ್ಕೆ ಕುಂದಿರಲಿಲ್ಲ. ಡಿಸ್ಟ್ರಿಕ್ಟ್ ಅದನ್ನು ಆಯ್ದು ಜಾರಿ ಮಾಡಿತು, ಕ್ಯಾನ್ಸರ್ ಜಾಗೃತಿಯ ಲೌಕಿಕ ಸಂದೇಶಕ್ಕೆ ಬಿಟ್ಟು ಧಾರ್ಮಿಕ ಗರಿಗೆ ತಡೆಯಿತು ಎಂಬ ಆರೋಪ ನಂಬುವಂತಿದೆ ಎಂದು ಬಹುಮತ ಹೇಳಿತು. ವಾಕ್ ಸ್ವಾತಂತ್ರ್ಯದ ದಾವೆಯೂ ಇದೇ ಎಳೆಯಿಂದ ಬದುಕಿತು: ಒಂದು ಸಂದೇಶಕ್ಕೆ ಹೌದು, ಇನ್ನೊಂದಕ್ಕೆ ಅಲ್ಲ ಎಂದರೆ ಅದು ದೃಷ್ಟಿಕೋನದ ತಾರತಮ್ಯ.

ಒಂದು ಎಚ್ಚರಿಕೆ. ಡಿಸ್ಟ್ರಿಕ್ಟ್ ತಪ್ಪು ಮಾಡಿದೆ ಎಂದು ಇಲ್ಲಿ ಸಾಬೀತಾಗಿಲ್ಲ. ಆ ಹಂತದಲ್ಲಿ ನ್ಯಾಯಾಲಯ ದಾವೆಯಲ್ಲಿ ಬರೆದದ್ದನ್ನು ನಿಜವೆಂದು ಇಟ್ಟುಕೊಂಡು, ವಿಚಾರಣೆಗೆ ಯೋಗ್ಯವೇ ಎಂದಷ್ಟೇ ನೋಡುತ್ತದೆ. ಭಿನ್ನಮತ ಬರೆದ ನ್ಯಾಯಾಧೀಶರ ಆಕ್ಷೇಪವೂ ಹಗುರವಾದದ್ದಲ್ಲ: ಎಲ್ಲೋ ಒಂದು ಸ್ಟಿಕರ್ ಕಣ್ತಪ್ಪಿ ಹೋದದ್ದನ್ನು ಅನುಮತಿ ಎಂದು ಕರೆಯಬಹುದೇ? ಸಮಾರಂಭ ನಡೆಸಿದ ಯಾರಿಗೂ ಈ ಪ್ರಶ್ನೆ ಚುಚ್ಚುತ್ತದೆ. ನೂರಾರು ಮಕ್ಕಳು ಸಾಲಾಗಿ ಬರುತ್ತಾರೆ, ಟೋಪಿಯ ಚೌಕ ಹೆಚ್ಚುಕಡಿಮೆ ಒಂಬತ್ತೂವರೆ ಇಂಚು, ಮೇಲ್ಮುಖ ಆಕಾಶಕ್ಕೆ. ಎತ್ತರದ ಹುಡುಗನ ತಲೆಯ ಮೇಲೆ ಏನಿದೆ ಎಂದು ಎದುರಿಗೆ ನಿಂತವರಿಗೆ ಕಾಣುವುದೇ ಇಲ್ಲ. ಕಾಣುವುದು ಮೇಲಿನ ಸಾಲಿನಲ್ಲಿ ಕ್ಯಾಮೆರಾ ಹಿಡಿದ ಅಪ್ಪ ಅಮ್ಮಂದಿರಿಗೆ. ಮೊಕದ್ದಮೆಗೆ ಸಾಕ್ಷಿ ಬರುವುದೂ ಅಲ್ಲಿಂದಲೇ, ಸಮಾರಂಭದ ಫೋಟೊಗಳಿಂದ.

ಡಿಸ್ಟ್ರಿಕ್ಟ್ ಮುಂದಿಟ್ಟ ಇನ್ನೊಂದು ಸಮರ್ಥನೆ, ಧಾರ್ಮಿಕ ವಸ್ತುವಿಗೆ ಒಪ್ಪಿದರೆ ಸರ್ಕಾರಿ ಶಾಲೆಯೇ ಧರ್ಮಕ್ಕೆ ಮುದ್ರೆ ಒತ್ತಿದಂತಾಗುತ್ತದೆ ಎಂಬುದು. ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಧರ್ಮಗುರುವನ್ನು ಕರೆಸಿ ಶಾಲೆಯೇ ಪ್ರಾರ್ಥನೆ ಮಾಡಿಸುವುದು ಒಂದು, 1992ರಲ್ಲಿ ಸುಪ್ರೀಂ ಕೋರ್ಟ್ ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಶಾಲೆಯೊಂದರ ಪ್ರಕರಣದಲ್ಲಿ ತಡೆದದ್ದು ಅದನ್ನು. ಮಗುವೊಂದು ತನ್ನ ತಲೆಯ ಮೇಲೆ ತನ್ನ ನಂಬಿಕೆಯನ್ನು ಹೊತ್ತು ನಡೆಯುವುದು ಬೇರೆಯೇ. ಸಮಾರಂಭದ ಕಾರ್ಯಕ್ರಮ ಪಟ್ಟಿ ಬರೆಯುವವರು ಈ ಎರಡನ್ನು ಒಂದೇ ಕಡತದಲ್ಲಿ ಹಾಕುವುದು ಬಹಳ ಸಾಮಾನ್ಯ.

ಕನ್ನಡದ ಓದುಗರಿಗೆ ಇಲ್ಲಿ ಹಿಜಾಬ್ ಪ್ರಕರಣ ನೆನಪಾಗದೆ ಇರದು. ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಕೊಟ್ಟ ತೀರ್ಪು, ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಬಂದ ಭಿನ್ನ ತೀರ್ಪು, ಇವೆಲ್ಲ ಡೈಸಾರ್ಟ್ ತೀರ್ಪು ಬಂದ ವರ್ಷದವೇ. ಆದರೆ ಕೇಳುವ ಪ್ರಶ್ನೆಯೇ ಬೇರೆ. ನಮ್ಮ ಹೈಕೋರ್ಟ್ ಮೊದಲು ಕೇಳಿದ್ದು, ಈ ಆಚರಣೆ ಆ ಧರ್ಮಕ್ಕೆ ಅತ್ಯಗತ್ಯವೇ ಎಂದು. ಅಮೆರಿಕದ ನ್ಯಾಯಾಲಯ ಅದನ್ನು ಕೇಳುವುದಿಲ್ಲ. ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ನೋಡಿ, ಉಳಿದ ಭಾರವನ್ನೆಲ್ಲ ನಿಯಮದ ಮೇಲೂ ಅದರ ಜಾರಿಯ ಮೇಲೂ ಹಾಕುತ್ತದೆ. ತರಗತಿಯ ದಿನನಿತ್ಯದ ಸಮವಸ್ತ್ರಕ್ಕೂ ಒಂದು ಸಂಜೆಯ ಸಮಾರಂಭಕ್ಕೂ ಇರುವ ಅಂತರವನ್ನೂ ಮರೆಯುವಂತಿಲ್ಲ. ಒಂದರ ತೀರ್ಪನ್ನು ಇನ್ನೊಂದಕ್ಕೆ ಎತ್ತಿ ಅಂಟಿಸುವವರು ಎರಡನ್ನೂ ಸರಿಯಾಗಿ ಓದಿರುವುದಿಲ್ಲ.

ಎಲ್ಲಿ ಕೆಡುತ್ತದೆ

ಸಾದಾ ಟೋಪಿಯ ನಿಯಮ ಸಾಮಾನ್ಯವಾಗಿ ಹುಟ್ಟುವುದು ಧರ್ಮದ ಬಗ್ಗೆ ಯೋಚಿಸಿ ಅಲ್ಲ. ಹಿಂದಿನ ವರ್ಷ ಯಾರೋ ಟೋಪಿಯ ಮೇಲೆ ಅಸಭ್ಯವಾದದ್ದು ಬರೆದಿರುತ್ತಾರೆ, ಮುಂದಿನ ವರ್ಷ ‘ಏನೂ ಬೇಡ’ ಎಂದು ಒಂದು ಸಾಲು ಸೇರುತ್ತದೆ. ಆದರೆ ಗೌನಿನ ಮೇಲೆ ಅದೇ ಶಾಲೆ ಎಷ್ಟೋ ಬಗೆಯ ಗುರುತುಗಳನ್ನು ಒಪ್ಪಿರುತ್ತದೆ: ಪ್ರತಿಭಾವಂತ ವಿದ್ಯಾರ್ಥಿಗಳ ಸಂಘವಾದ ನ್ಯಾಷನಲ್ ಆನರ್ ಸೊಸೈಟಿಯ ಸ್ಟೋಲ್ (ಹೆಗಲ ಪಟ್ಟಿ), ಅಂಕಗಳಿಗಾಗಿ ಬಣ್ಣದ ಹುರಿಗಳು, ಬ್ಯಾಂಡಿನವರಿಗೆ ಒಂದು, ಸೈನ್ಯಕ್ಕೆ ಸೇರುವವರಿಗೆ ಇನ್ನೊಂದು, ಕೊರಳಿಗೆ ಪದಕ. ಅಂದರೆ ‘ಎಲ್ಲರೂ ಒಂದೇ ಥರ ಕಾಣಬೇಕು’ ಎಂಬ ಮಾತು ಕುತ್ತಿಗೆಯಿಂದ ಕೆಳಗೆ ಸುಳ್ಳು. ಶಾಲೆ ಕೊಟ್ಟ ಗೌರವಕ್ಕೆ ಜಾಗವಿದೆ, ಸಮುದಾಯ ಕೊಟ್ಟ ಗೌರವಕ್ಕೆ ಇಲ್ಲ ಎಂದಾಗ ಮನೆಯವರಿಗೆ ನೋವಾಗುವುದು ಇಲ್ಲಿಯೇ. ಕಾನೂನಿನಲ್ಲಿ ಶಾಲೆಯ ನಿಲುವು ಗೆಲ್ಲಲೂಬಹುದು: ಕೊಲೊರಾಡೊದ ಗಾರ್‌ಫೀಲ್ಡ್ ಕೌಂಟಿಯ ಶಾಲೆಯೊಂದರಲ್ಲಿ 2023ರಲ್ಲಿ ಮೆಕ್ಸಿಕೊ ಮತ್ತು ಅಮೆರಿಕದ ಧ್ವಜಗಳಿದ್ದ ಶಾಲನ್ನು ತಡೆದಾಗ, ಸಮಾರಂಭದ ಉಡುಪು ಶಾಲೆಯೇ ಪ್ರಾಯೋಜಿಸಿದ ಅಭಿವ್ಯಕ್ತಿ ಎಂದು ಹೇಳಿ ಫೆಡರಲ್ ನ್ಯಾಯಾಧೀಶರು ತುರ್ತು ಆದೇಶ ಕೊಡಲು ನಿರಾಕರಿಸಿದರು. ಮರುವರ್ಷ ಆ ರಾಜ್ಯದ ಶಾಸನಸಭೆ ಸಾಂಸ್ಕೃತಿಕ, ಧಾರ್ಮಿಕ ವಸ್ತುಗಳಿಗೆ ಅವಕಾಶ ಕೊಡುವ ಕಾಯ್ದೆಯನ್ನೇ ಮಾಡಿತು.

ಎರಡನೆಯ ಬಿರುಕು, ನಿಯಮ ಡಿಸ್ಟ್ರಿಕ್ಟಿನದು, ಜಾರಿ ಶಾಲೆಯದು. ಹಲವು ಹೈಸ್ಕೂಲುಗಳು, ಹಲವು ಪ್ರಾಂಶುಪಾಲರು, ಬೇರೆ ಬೇರೆ ಗೇಟುಗಳು. ಒಬ್ಬರು ಕಟ್ಟುನಿಟ್ಟು, ಇನ್ನೊಬ್ಬರು ‘ಹೋಗಲಿ ಬಿಡಿ, ಇವತ್ತೊಂದಿನ’ ಎನ್ನುವವರು. ನ್ಯಾಯಾಲಯದಲ್ಲಿ ನಿಲ್ಲುವಾಗ ಪ್ರತಿವಾದಿ ಡಿಸ್ಟ್ರಿಕ್ಟ್. ಎಲ್ಲ ಗೇಟುಗಳ ಲೆಕ್ಕವೂ ಒಂದೇ ಖಾತೆಗೆ ಬೀಳುತ್ತದೆ. ಡೈಸಾರ್ಟಿನಲ್ಲಿ ಗರಿ ಒಂದು ಶಾಲೆಯದು, ಸ್ಟಿಕರ್ ಇನ್ನೊಂದು ಶಾಲೆಯದು ಎಂಬುದರಿಂದ ಡಿಸ್ಟ್ರಿಕ್ಟಿಗೆ ಉಪಯೋಗವಾಗಲಿಲ್ಲ.

ಮೂರನೆಯದು ಹೆಚ್ಚು ಹಾನಿ ಮಾಡುವಂಥದ್ದು: ಅನುಮತಿ ಕೊಟ್ಟವರು ಬೇರೆ, ಗೇಟಿನಲ್ಲಿ ನಿಂತವರು ಬೇರೆ. ಕಚೇರಿಯಲ್ಲಿ ಯಾರೋ ಬಾಯಿಮಾತಿಗೆ ‘ಆಗಲಿ’ ಎಂದಿರುತ್ತಾರೆ, ಆ ಮಾತು ಗೇಟಿಗೆ ತಲುಪಿರುವುದಿಲ್ಲ. ತಡೆದವರು ದೊಡ್ಡವರನ್ನು ಕರೆಯಬೇಕು, ದೊಡ್ಡವರು ಆಗಲೇ ವೇದಿಕೆಯ ಹಿಂದೆ ಸಾಲು ಕಟ್ಟಿಸುತ್ತಿರುತ್ತಾರೆ, ವಾದ್ಯ ಶುರುವಾಗಿರುತ್ತದೆ. ನ್ಯೂ ಮೆಕ್ಸಿಕೊದ ಫಾರ್ಮಿಂಗ್‌ಟನ್‌ನಲ್ಲಿ 2024ರ ಮೇ ತಿಂಗಳಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತ, ಲಕೋಟಾ ಬುಡಕಟ್ಟಿನ ವಿದ್ಯಾರ್ಥಿನಿಯ ಬಳಿಗೆ ಸಿಬ್ಬಂದಿ ಬಂದು, ಗರಿ ಮತ್ತು ಮಣಿ ಕಸೂತಿಯ ಟೋಪಿಯನ್ನು ತೆಗೆದುಕೊಂಡು ಸಾದಾ ಟೋಪಿ ಕೊಟ್ಟರು. ಇಡೀ ಕ್ರೀಡಾಂಗಣ ನೋಡುತ್ತಿತ್ತು. ಮರುವರ್ಷವೇ ಆ ರಾಜ್ಯ ಬುಡಕಟ್ಟು ಉಡುಗೆಗೆ ರಕ್ಷಣೆ ಕೊಡುವ ಕಾಯ್ದೆ ತಂದಿತು. ಗೇಟು ದಾಟಿ ಆಸನಕ್ಕೆ ಬಂದ ಮೇಲೆ ವಸ್ತುವನ್ನು ಕಿತ್ತುಕೊಳ್ಳಲು ಹೋಗುವುದು ಎಲ್ಲಕ್ಕಿಂತ ಕೆಟ್ಟ ಹಾದಿ. ನಿಯಮ ಸರಿಯೇ ಇದ್ದರೂ ಆ ದೃಶ್ಯವನ್ನು ಯಾವ ನ್ಯಾಯಾಲಯದಲ್ಲೂ ಚೆಂದ ಮಾಡಿ ತೋರಿಸಲಾಗದು.

ಕೆಡದಂತೆ ನಡೆಸುವ ಬಗೆ

ಟೋಪಿ-ಗೌನಿನ ಆರ್ಡರು ಹೋಗುವ ಹೊತ್ತಿಗೆ, ಅಂದರೆ ಚಳಿಗಾಲದಲ್ಲೇ, ನಿಯಮ ಮನೆಗಳಿಗೆ ತಲುಪಿರಬೇಕು. ಮೇ ತಿಂಗಳಲ್ಲಿ ಕಳಿಸಿದರೆ ಅಷ್ಟರಲ್ಲಿ ಅಜ್ಜಿ ಮಣಿ ಕಸೂತಿ ಹೊಲಿದು ಮುಗಿಸಿರುತ್ತಾಳೆ. ನಿಯಮದಲ್ಲಿ ‘ಅಲಂಕಾರ ನಿಷೇಧ’ ಎಂದಷ್ಟೇ ಬರೆದು ನಿಲ್ಲಿಸಬಾರದು. ಧಾರ್ಮಿಕ ಅಥವಾ ಸಾಂಸ್ಕೃತಿಕ ಮಹತ್ವದ ವಸ್ತುಗಳಿಗೆ ಪ್ರತ್ಯೇಕ ಸಾಲು ಬೇಕು, ಅದು ಎಲ್ಲಿ ಕೂರಬಹುದು ಎಂಬುದೂ ಬೇಕು. ಕ್ಯಾಲಿಫೋರ್ನಿಯಾದ ಕಾಯ್ದೆಯ ಮಾತು ಇಲ್ಲಿ ಒಳ್ಳೆಯ ಮಾದರಿ. ಟೋಪಿ-ಗೌನಿಗೆ ಸೇರಿಸಿದ ಅಥವಾ ಅದರ ಜೊತೆಗೆ ತೊಟ್ಟ ವಸ್ತುವಾಗಿರಬೇಕು, ಅದರ ಬದಲಿಗೆ ತೊಟ್ಟದ್ದಾಗಿರಬಾರದು. ಸಮಾರಂಭಕ್ಕೆ ಗಣನೀಯ ಅಡ್ಡಿಯಾಗುವಂತಿದ್ದರೆ ಶಾಲೆ ತಡೆಯಬಹುದು. ಹೆಸರು ಹಿಡಿದು ಪಟ್ಟಿ ಮಾಡಲು ಹೋದರೆ ಪಟ್ಟಿಯಲ್ಲಿ ಬಿಟ್ಟುಹೋದವರ ಮೊಕದ್ದಮೆ ಕಾದಿರುತ್ತದೆ.

ವಿನಂತಿಗೆ ಒಂದು ಪುಟದ ನಮೂನೆ ಸಾಕು. ವಸ್ತು ಏನು, ಎಲ್ಲಿ ತೊಡುತ್ತಾರೆ, ಒಂದು ಫೋಟೊ. ಧರ್ಮದ ಪುರಾವೆ, ಪಾದ್ರಿಯ ಪತ್ರ, ಬುಡಕಟ್ಟಿನ ಗುರುತುಚೀಟಿ ಇವನ್ನೆಲ್ಲ ಕೇಳುವುದು ತೊಂದರೆಯನ್ನು ಕರೆದು ಮನೆಗೆ ಕೂರಿಸಿದಂತೆ. ತೀರ್ಮಾನ ಮಾಡುವವರು ಇಡೀ ಡಿಸ್ಟ್ರಿಕ್ಟಿಗೆ ಒಬ್ಬರೇ ಇರಲಿ, ಪ್ರಾಂಶುಪಾಲರು ಅಲ್ಲ. ಎಲ್ಲ ಶಾಲೆಗಳಿಗೂ ಒಂದೇ ಅಳತೆ ಸಿಗುವುದು ಹಾಗೆ ಮಾತ್ರ. ಉತ್ತರ ಬರಹದಲ್ಲಿ ಹೋಗಬೇಕು, ಇಲ್ಲ ಎನ್ನುವುದಾದರೆ ಕಾರಣ ಬರೆಯಬೇಕು, ಮೇಲ್ಮನವಿಗೆ ಸಮಾರಂಭಕ್ಕೆ ಮುಂಚೆ ಕನಿಷ್ಠ ಎರಡು ವಾರ ಉಳಿದಿರಬೇಕು. ಕೊನೆಯ ದಿನಾಂಕ ಇರಲಿ, ಆದರೆ ಅದು ತಪ್ಪಿತೆಂಬ ಒಂದೇ ಕಾರಣಕ್ಕೆ ‘ಇಲ್ಲ’ ಎನ್ನಬಾರದು.

ತಾಲೀಮಿನ ದಿನವೇ ನಿಜವಾದ ಗೇಟು ಎಂದು ತಿಳಿದು ನಡೆಸುವುದು ಜಾಣತನ. ಮಕ್ಕಳೆಲ್ಲ ಟೋಪಿ ತೊಟ್ಟೇ ತಾಲೀಮಿಗೆ ಬರಲಿ. ಗ್ಯಾಲರಿಯ ಮೆಟ್ಟಿಲ ಮೇಲೆ ನಿಂತು ಟೋಪಿಯ ಮೇಲ್ಮುಖವನ್ನು ನೋಡಲು ಒಬ್ಬರನ್ನು ನೇಮಿಸಬೇಕು. ಎದುರಿಗೆ ನಿಂತರೆ ಏನೂ ಕಾಣದು ಎಂದೆವಲ್ಲ. ಸ್ಟಿಕರು, ಬಣ್ಣ, ಮಿಂಚುಪುಡಿ ಕಂಡರೆ ಅಂದೇ ಹೇಳಿ ಮನೆಗೆ ಕಳಿಸಬಹುದು, ಮರುದಿನಕ್ಕೆ ಜಗಳ ಉಳಿಯದು. ಸಮಾರಂಭದ ಗೇಟಿನಲ್ಲಿ ಬೇಕಾದವು: ಅನುಮತಿಯಾದವರ ಪಟ್ಟಿಯ ನಕಲು ಪ್ರತಿ ಗೇಟಿಗೂ ಒಂದೊಂದು, ಬೇರೆ ಬೇರೆ ಅಳತೆಯ ಹತ್ತಿಪ್ಪತ್ತು ಸಾದಾ ಟೋಪಿ, ಹೇರ್‌ಪಿನ್ನು, ಸೇಫ್ಟಿ ಪಿನ್ನು, ತೀರ್ಮಾನ ಹೇಳಬಲ್ಲ ಒಬ್ಬರ ಫೋನ್ ನಂಬರು. ಆ ಒಬ್ಬರಿಗೆ ಅಂದು ಬೇರೆ ಯಾವ ಕೆಲಸವೂ ಇರಬಾರದು. ಪಟ್ಟಿಯಲ್ಲಿಲ್ಲದ ಧಾರ್ಮಿಕ ವಸ್ತು ಬಂದರೆ ಒಳಗೆ ಬಿಟ್ಟು, ಬರೆದಿಟ್ಟುಕೊಂಡು, ಆಮೇಲೆ ಮಾತಾಡುವುದು ಎಲ್ಲ ರೀತಿಯಲ್ಲೂ ಕಡಿಮೆ ಖರ್ಚಿನ ದಾರಿ. ಮಗುವಿನ ಮೈಮೇಲಿನ ವಸ್ತುವನ್ನು ಸಿಬ್ಬಂದಿ ಮುಟ್ಟಬಾರದು. ಇದನ್ನು ಕಾಗದದಲ್ಲಿ ಬರೆದೇ ಕೊಡಬೇಕು, ಬಾಯಿಮಾತಿಗೆ ಬಿಟ್ಟರೆ ಗದ್ದಲದಲ್ಲಿ ಮರೆತುಹೋಗುತ್ತದೆ.

ನಡುದಾರಿಯ ಒಪ್ಪಂದಗಳೂ ನಡೆದಿವೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಕ್ಲೋವಿಸ್ ಶಾಲೆಯಲ್ಲಿ ಇಂಥದೇ ಗರಿಯ ಜಗಳ ಸಮಾರಂಭಕ್ಕೆ ಮುಂಚೆ ಇತ್ಯರ್ಥವಾಯಿತು: ಹುಡುಗ ಗರಿಯನ್ನು ಕೂದಲಲ್ಲಿ ಮುಡಿದು ಬರಬಹುದು, ಎಲ್ಲರೂ ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ತಿರುಗಿಸುವ ಹೊತ್ತಿಗೆ ಟೋಪಿಗೆ ಕಟ್ಟಿಕೊಳ್ಳಬಹುದು. ಚೌಕಾಶಿಯಂತೆ ಕಂಡರೂ ಅದರಲ್ಲಿ ಒಂದು ವಿವೇಕವಿದೆ. ವಿದ್ಯಾರ್ಥಿ ಪದವೀಧರನಾಗುವುದು ಕುಚ್ಚು ತಿರುಗಿದಾಗ. ಗರಿ ಕೊಡುವುದೂ ಸಾಧಿಸಿದ್ದಕ್ಕೆ. ಆದರೂ ಕೂದಲಲ್ಲಿ ಮುಡಿಯಿರಿ ಎಂಬುದನ್ನೇ ಎಲ್ಲರಿಗೂ ಒಂದೇ ಮದ್ದೆಂದು ಕೊಡುವಂತಿಲ್ಲ. ಚೌಕದ ಟೋಪಿ ಒತ್ತುವ ಜಾಗದಲ್ಲಿ ಗರಿ ಮುರಿಯುವುದೂ ಉಂಟು, ಅದನ್ನು ಎಲ್ಲಿ ತೊಡಬೇಕೆಂದು ಹೇಳುವವರು ಶಾಲೆಯವರೂ ಅಲ್ಲ.

ರಾಜ್ಯ ಬದಲಾದರೆ ಉತ್ತರವೂ ಬದಲು

ಅರಿಜೋನಾ 2021ರಲ್ಲಿ ಕಾಯ್ದೆ ಮಾಡಿ ಮಾನ್ಯ ಬುಡಕಟ್ಟುಗಳ ಸದಸ್ಯರು ಪದವಿ ಸಮಾರಂಭದಲ್ಲಿ ಸಾಂಪ್ರದಾಯಿಕ ಉಡುಗೆ ತೊಡುವುದನ್ನು ಶಾಲೆಗಳು ತಡೆಯದಂತೆ ಮಾಡಿತು. 2019ರಲ್ಲಿ ಹೊರಗೆ ನಿಂತವಳಿಗೆ ಅದು ಎರಡು ವರ್ಷ ತಡ. ಒಕ್ಲಹೋಮಾದಲ್ಲಿ 2023ರಲ್ಲಿ ಇಂಥ ಮಸೂದೆಗೆ ರಾಜ್ಯಪಾಲರು ವೀಟೊ ಹಾಕಿದರು, ಶಾಸನಸಭೆ ಆ ವೀಟೊವನ್ನು ಮೀರಿ ಕಾಯ್ದೆ ಮಾಡಿತು. ಮೊಂಟಾನಾ 2017ರಲ್ಲೇ ಈ ದಾರಿ ಹಿಡಿದಿತ್ತು.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಇಲ್ಲೊಂದು ಸೂಕ್ಷ್ಮವಿದೆ. ಮಗಳು ಗೌನಿನ ಮೇಲೆ ಹಳದಿ-ಕೆಂಪು ಶಾಲು ಹೊದೆಯಬೇಕು, ಮಗ ಗೌನಿನ ಹೊರಗೆ ಕಾಣುವಂತೆ ರುದ್ರಾಕ್ಷಿ ಸರ ತೊಡಬೇಕು ಎಂದುಕೊಳ್ಳೋಣ. ಕ್ಯಾಲಿಫೋರ್ನಿಯಾದಲ್ಲಿ 2019ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಬುಡಕಟ್ಟು ಉಡುಗೆಯ ಜೊತೆಗೆ ಧಾರ್ಮಿಕ ಅಥವಾ ಸಾಂಸ್ಕೃತಿಕ ಮಹತ್ವದ ವಸ್ತುಗಳನ್ನೂ ಹೆಸರಿಸುತ್ತದೆ. ಅಲ್ಲಿ ಇಬ್ಬರಿಗೂ ಆಧಾರವಿದೆ. ಅರಿಜೋನಾದ 2021ರ ಕಾಯ್ದೆ ಬುಡಕಟ್ಟು ಸದಸ್ಯರಿಗೆ ಮಾತ್ರ. ಅಲ್ಲಿ ರುದ್ರಾಕ್ಷಿಗೆ ಧಾರ್ಮಿಕ ಸ್ವಾತಂತ್ರ್ಯದ ವಾದ ಹೂಡಬಹುದು, ಶಾಲಿಗೆ ಅದೂ ಕಷ್ಟ. ಶಾಲು ಧರ್ಮದ ವಸ್ತುವಲ್ಲ, ನಾಡಿನ ಗುರುತು. ಅದನ್ನು ಧರ್ಮವೆಂದು ಅರ್ಜಿಯಲ್ಲಿ ಬರೆಯಲು ಹೋಗಬೇಡಿ. ಪ್ರಾಮಾಣಿಕತೆಯೇ ಪರೀಕ್ಷೆಯಾಗಿರುವ ಕಡೆ ಅದು ಉಳಿದ ವಾದವನ್ನೂ ಹಾಳು ಮಾಡುತ್ತದೆ. ಅದೇ ಶಾಲೆ ಬೇರೆ ಸಮುದಾಯದ ಶಾಲುಗಳಿಗೆ ಒಪ್ಪಿದ್ದರೆ ಮಾತ್ರ ನಿಮ್ಮದಕ್ಕೂ ದಾರಿ ತೆರೆಯುತ್ತದೆ, ಡೈಸಾರ್ಟಿನ ಸ್ಟಿಕರ್ ತೆರೆದ ಹಾಗೆ. ಹಾಗಾಗಿ ಅರ್ಜಿ ಬರೆಯುವ ಮುಂಚೆ ಶಾಲೆಯ ಹಿಂದಿನ ಎರಡು ಮೂರು ವರ್ಷಗಳ ಸಮಾರಂಭದ ಫೋಟೊ, ವಿಡಿಯೊಗಳನ್ನು ನೋಡಿ. ಬಹುತೇಕ ಶಾಲೆಗಳು ತಾವೇ ಅವನ್ನು ಇಂಟರ್ನೆಟ್ಟಿಗೆ ಹಾಕಿರುತ್ತವೆ. ಯಾರ ಕೊರಳಲ್ಲಿ ಏನಿತ್ತು, ಯಾರ ಟೋಪಿಯ ಮೇಲೆ ಏನಿತ್ತು ಎಂದು ಗುರುತು ಹಾಕಿಕೊಳ್ಳಿ, ಆ ಚಿತ್ರವನ್ನು ಅರ್ಜಿಗೆ ಲಗತ್ತಿಸಿ.

ಅನುಮತಿಯ ಇಮೇಲನ್ನು ಮುದ್ರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಬಾಡಿಗೆಯ ಅಥವಾ ಅಗ್ಗದ ಗೌನುಗಳಿಗೆ ಜೇಬಿರುವುದಿಲ್ಲ, ಮಕ್ಕಳ ಸಾಲು ಹಿರಿಯರ ಗೇಟಿನಿಂದ ಬೇರೆ ಕಡೆ ಒಳಗೆ ಹೋಗುತ್ತದೆ, ಹಲವೆಡೆ ಫೋನು ತರಬೇಡಿ ಎಂದಿರುತ್ತಾರೆ. ಕಾಗದವನ್ನು ನಾಲ್ಕಾಗಿ ಮಡಿಸಿ ಟೋಪಿಯ ಒಳಪಟ್ಟಿಗೆ ಸಿಕ್ಕಿಸಿದರೆ ತಡೆದ ಜಾಗದಲ್ಲೇ ಕೈಗೆ ಸಿಗುತ್ತದೆ.